ಗೋಡೆಯಾದ ಹೆಪ್ಪು

"ತೊಳೀಬ್ಯಾಡ್ರಿ!"

ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಇದು. ಬೆಳಗಾವಿಯ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗಕ್ಕೆ ಎಂ.ಡಿ. ಓದಲು ಆಗಷ್ಟೇ ಸೇರಿದ್ದೆ. ಶವಪರೀಕ್ಷೆಯಲ್ಲಿ ತೆಗೆದ ಒಂದು ರಕ್ತನಾಳವನ್ನು ಉದ್ದಕ್ಕೆ ಸೀಳಿ, ಒಳಗಿನ ಹೆಪ್ಪುಗಟ್ಟಿದ ರಕ್ತ ಹರಿದುಹೋಗಿ ಗೋಡೆ ಚೊಕ್ಕವಾಗಿ ಕಾಣಲಿ ಎಂದು ನಳದ ಕೆಳಗೆ ಹಿಡಿಯಲು ಹೊರಟಿದ್ದೆ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ನನಗೂ ಹಾಗೆಯೇ ಕಲಿಸಿದ್ದರು. ಹಿಂದಿನಿಂದ ಬಂದ ಆ ದನಿಗೆ ಕೈಯಲ್ಲಿದ್ದ ಚಿಮಟ ತಟ್ಟೆಗೆ ಬಿತ್ತು. ತಿರುಗಿ ನೋಡಿದರೆ ನನ್ನ ಭುಜಕ್ಕೂ ಬಾರದ ಒಂದು ಹೆಣ್ಣುಜೀವ. ಹತ್ತಿಯ ಸೀರೆ, ಅದರ ಮೇಲೆ ಕಾಲಿನವರೆಗೆ ಇಳಿದ ಬಿಳಿ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ.

"ಏನ್ ತೊಳ್ಯಾಕ ಹೊಂಟೀರಿ?"

"ಹೆಪ್ಪು ಮೇಡಂ. ಗೋಡೆ ಸರಿಯಾಗಿ ಕಾಣಲಿ ಅಂತ..."

"ಹೆಪ್ಪು ಅಂದ್ರ ಹೊಲಸು ಅಂತ ತಿಳಕೊಂಡೀರೇನು? ಅದನ್ನ ನೋಡಾಕ ಅಲ್ಲೇನ್ರಿ ನಾವಿಲ್ಲೆ ಕುಂತದ್ದು? ಇಡ್ರಿ ಕೆಳಗ."

ಇಟ್ಟೆ. ಆಮೇಲೆ ಅವರ ಕೈಕೆಳಗೆ ಓದಿದೆ, ಅವರ ವಿಭಾಗದಲ್ಲೇ ಅಧ್ಯಾಪಕನಾದೆ. ಆದರೆ ಅವರೆದುರು ನಳ ತಿರುಗಿಸುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಅವರು ಹೋದ ತಿಂಗಳು ಖಾನಾಪುರದ ತಮ್ಮ ಮನೆಯಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ "ನಿಮಗ ಬ್ಯಾರೆ ಕೆಲಸಿಲ್ಲೇನ್ರಿ ಡಾಕ್ಟರ" ಎಂದು ಬೈಯುತ್ತಿದ್ದರು. ನಾವು ಮೇಡಂ ಎನ್ನಬೇಕಿತ್ತು. ಆದರೆ ವಿಭಾಗದ ಜವಾನರು ಹೆಂಗಸರನ್ನು ಗೌರವದಿಂದ ಕರೆಯುವ ಈ ಕಡೆಯ ರೂಢಿಯಂತೆ 'ಬಾಯಾರ' ಎಂದು ಕರೆಯುತ್ತಿದ್ದುದರಿಂದ ಬರಬರುತ್ತ ನಮ್ಮ ಬಾಯಲ್ಲೂ ಅವರು ಬಾಯಿಯವರೇ ಆದರು.

ಬಾಯಿಯವರು ಖಾನಾಪುರದ ಹಳೆಯ ಜೈನ ಮನೆತನದವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕು, ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ. ಅದಕ್ಕಾಗಿ ಸಂಜೆ ಎಂಥ ದೊಡ್ಡ ಸಭೆ ನಡೆದಿರಲಿ, ಪ್ರಿನ್ಸಿಪಾಲರೇ ಮಾತನಾಡುತ್ತಿರಲಿ, ಕಿಟಕಿಯ ಬಿಸಿಲು ಕೆಂಪಾದ ಕೂಡಲೇ ಎದ್ದು ಹೊರಡುತ್ತಿದ್ದರು. ಇಡೀ ದಿನ ಹೆಣಗಳ ನಡುವೆ ಇರುವ ಈ ಹೆಂಗಸು ಉಳ್ಳಾಗಡ್ಡಿ ಸಹ ಮುಟ್ಟುವುದಿಲ್ಲವಲ್ಲ ಎಂದು ಸರ್ಜರಿಯವರು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಇವರು ತಮ್ಮ ಡಬ್ಬಿ ಬಿಚ್ಚುತ್ತಿದ್ದರು.

ಅವರ ಜೀವಮಾನದ ಪ್ರಶ್ನೆ ಒಂದೇ. ರಕ್ತನಾಳದ ಗೋಡೆ ದಪ್ಪವಾಗುವುದು ಹೇಗೆ? ಆ ಕಾಲದಲ್ಲಿ ಯಾರನ್ನು ಕೇಳಿದರೂ ಕೊಬ್ಬು ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಬಾಯಿಯವರು ಕೊಬ್ಬನ್ನು ಅಲ್ಲಗಳೆಯಲಿಲ್ಲ, ಆದರೆ ಅಷ್ಟಕ್ಕೇ ಸುಮ್ಮನಾಗಲೂ ಇಲ್ಲ. ನಾಳದ ಒಳಗೆ ಒಂದು ತೆಳ್ಳನೆಯ ಅಸ್ತರು ಇರುತ್ತದೆ. ಗಾಯವಾಗಿ ಅಸ್ತರು ಹರಿದರೆ ರಕ್ತದ ಪ್ಲೇಟ್‌ಲೆಟ್ಟುಗಳು ಓಡಿಬಂದು ಅಲ್ಲಿ ಅಂಟುತ್ತವೆ, ಅವುಗಳ ಸುತ್ತ ಎಳೆ ಎಳೆಯಾಗಿ ಹೆಪ್ಪು ಕಟ್ಟುತ್ತದೆ, ರಕ್ತ ಸೋರುವುದು ನಿಲ್ಲುತ್ತದೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆ ಹೆಪ್ಪು ಮುಂದೆ ಎಲ್ಲಿಗೆ ಹೋಗುತ್ತದೆ ಎನ್ನುವುದು ಅವರ ತಕರಾರು. ಒಂದಷ್ಟು ಕರಗುತ್ತದೆ ನಿಜ. ಉಳಿದದ್ದರ ಮೇಲೆ ಹೊಸ ಅಸ್ತರು ಹಬ್ಬುತ್ತದೆ. ಗೋಡೆಯ ನಡುಪದರದ ಸ್ನಾಯುಕೋಶಗಳು ಅದರೊಳಗೆ ನುಸುಳಿ ಬಂದು ಸಂಸಾರ ಹೂಡಿ ಬೆಳೆಯುತ್ತವೆ. ಹೆಪ್ಪು ನಾರಾಗುತ್ತದೆ, ನಾರು ಗೋಡೆಯಾಗುತ್ತದೆ. ಅದರ ಮೇಲೆ ಮತ್ತೆ ಹೆಪ್ಪು, ಮತ್ತೆ ಗೋಡೆ.

ಹುಡುಗರಿಗೆ ತಿಳಿಯದಿದ್ದರೆ ಮನೆಯ ಭಾಷೆಗೆ ಇಳಿಯುತ್ತಿದ್ದರು. "ಮಣ್ಣಿನ ಗ್ವಾಡಿ ಬಿರುಕು ಬಿಟ್ರ ನಿಮ್ಮವ್ವ ಏನ್ ಮಾಡ್ತಾಳ? ಮಣ್ಣು ಮೆತ್ತತಾಳ. ಭೇಷ್ ಆತು. ಪ್ರತಿ ಹಬ್ಬಕ್ಕೂ ಹಂಗ ಮೆತ್ತಿಕೋಂತ ಹ್ವಾದ್ರ? ಒಂದಿನ ಬಾಗಲದಾಗ ಹಾಯಾಕ ಬರೂದಿಲ್ಲ. ಮೆತ್ತಿದಾಕಿ ಕೆಟ್ಟಾಕೇನ್ರಿ? ಅಲ್ಲ. ಎಲ್ಲಿ ನಿಲ್ಲಸ್ಬೇಕು ಅನ್ನೂದು ಆಕಿಗೆ ಗೊತ್ತಾಗಲಿಲ್ಲ, ಅಷ್ಟ."

ಹೊರದೇಶಗಳಲ್ಲಿ ಇದನ್ನೇ ಮೊಲಗಳ ಮೇಲೆ ನೋಡುತ್ತಿದ್ದರು. ಮೊಲದ ರಕ್ತನಾಳದೊಳಗೆ ಸಣ್ಣ ಬಲೂನು ತೂರಿಸಿ, ಊದಿಸಿ, ಅಸ್ತರು ಕೆರೆದುಹೋಗುವಂತೆ ಎಳೆಯುವುದು. ಕೆಲವು ದಿನ ಬಿಟ್ಟು ಮೊಲವನ್ನು ಕೊಂದು ಗೋಡೆ ಎಷ್ಟು ದಪ್ಪವಾಯಿತೆಂದು ನೋಡುವುದು. ನಮ್ಮ ವಿಭಾಗದ ಮುಖ್ಯಸ್ಥರು ಒಮ್ಮೆ ಬಹಳ ಉಮೇದಿನಿಂದ, ಮೊಲಗಳನ್ನು ತರಿಸಿಕೊಡುತ್ತೇನೆ, ನೀವೂ ಮಾಡಿ ಎಂದರು.

"ಮೊಲಾ ನನಗೇನ್ ಮಾಡೇತ್ರೀ ಸರ?" ಎಂದರು ಬಾಯಿಯವರು.

"ಹಾಗಲ್ಲ, ವಿಜ್ಞಾನಕ್ಕಾಗಿ..."

"ಸತ್ತವರು ತಾವ ನನ್ನ ಕಡೆ ಬರ್ತಾರ. ಅವರನ್ನ ನೋಡತೀನಿ. ಜೀವ ಇದ್ದದ್ದಕ್ಕ ಗಾಯ ಮಾಡಿ ನೋಡೂದು ನನ್ನ ಕೈಲೆ ಆಗೂದಿಲ್ರಿ."

ಮುಖ್ಯಸ್ಥರು ಮೊಲದ ಮಾತು ಬಿಟ್ಟರು. ಆದರೆ ಇದರಿಂದ ಬಾಯಿಯವರ ಕೆಲಸ ಅರ್ಧಕ್ಕೇ ನಿಂತಂತಾಯಿತು. ಹೆಣದ ನಾಳದಲ್ಲಿ ದಪ್ಪನಾದ ಗೋಡೆ ಸಿಗುತ್ತಿತ್ತು, ಗಾಯ ಯಾವಾಗ ಆಯಿತೆಂದು ಹೇಳುವವರು ಸಿಗುತ್ತಿರಲಿಲ್ಲ.

ನಾನು ಖಾನಾಪುರದ ಆಚೆಯ ಬೀಡಿ ಎಂಬ ಊರಿನವನು. ಶನಿವಾರ ಮಧ್ಯಾಹ್ನ ಇಬ್ಬರೂ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಅವರು ಖಾನಾಪುರದಲ್ಲಿ ಇಳಿದರೆ ನಾನು ಅಲ್ಲಿ ಬೇರೆ ಬಸ್ಸಿಗೆ ಕಾಯಬೇಕು. ದಾರಿಯಲ್ಲಿ ರೊಟ್ಟಿಯ ಸುರುಳಿಯೊಳಗೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗೂ ಒಂದು ಕೊಡುತ್ತಿದ್ದರು. ಹಾಗೆ ಹೋಗುವಾಗ ಒಮ್ಮೆ ಕಿಟಕಿಯ ಆಚೆ ನೋಡುತ್ತ ಹೇಳಿದರು: "ಗಾಯ ಆದ ದಿನಾ ಗೊತ್ತಿರೋ ಮನಷ್ಯಾನ ರಕ್ತನಾಳ ಒಂದ ಒಂದು ಸಿಕ್ಕಿದ್ರ ಸಾಕಿತ್ತು ನೋಡ್ರಿ. ಪದರ ಪದರ ಓದಿ ಹೇಳತಿದ್ದೆ." ಹಸಿದವರು ಊಟದ ಮಾತಾಡುವ ಹಾಗೆ ಹೇಳಿದರು. ನಾನು ಹೂಂ ಎಂದು ರೊಟ್ಟಿ ಅಗಿದೆ.

ಅವರಿಗೆ ಒಬ್ಬ ತಮ್ಮ. ತಾಯಿ ಬೇಗ ಹೋದ್ದರಿಂದ ಇವರೇ ಎತ್ತಿ ಆಡಿಸಿ ಬೆಳೆಸಿದವನು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿಯ ಠೋಕ ಅಂಗಡಿ, ಅಂದರೆ ಸಗಟು ಅಂಗಡಿ, ಇಟ್ಟಿದ್ದ. ದಿನಾ ಖಾನಾಪುರದಿಂದ ರೈಲಿಗೆ ಬಂದು ಹೋಗುತ್ತಿದ್ದ. ಅಕ್ಕನ ಹಾಗಲ್ಲ, ಮಾತಿನ ಮಲ್ಲ. ಅಂಗಡಿಗೆ ಹೋದವರಿಗೆ ಚಹ ಕುಡಿಸದೆ ಬಿಟ್ಟವನಲ್ಲ. "ನಮ್ಮಕ್ಕಾ ಸತ್ತವರ ಡಾಕ್ಟರ್ರಿ, ನಮ್ಮಂಥಾವ್ರಿಗೆ ಏನೂ ಉಪಯೋಗಿಲ್ಲ" ಎಂದು ಅವರ ಮುಂದೆಯೇ ಚೇಷ್ಟೆ ಮಾಡುತ್ತಿದ್ದ. ಬಾಯಿಯವರು ನಕ್ಕದ್ದನ್ನು ನಾನು ನೋಡಿದ್ದು ಆ ತಮ್ಮನ ಮುಂದೆ ಮಾತ್ರ.

ಒಂದು ದಿನ ಆ ಅಂಗಡಿಯಲ್ಲಿ ಪೇರಿಸಿಟ್ಟ ಚೀಲಗಳ ಥಪ್ಪಿ ಜಾರಿತು. ಮೇಲೆ ನಿಂತಿದ್ದ ಹಮಾಲನೂ ಚೀಲಗಳ ಜೊತೆ ಬಿದ್ದ. ಅವನ ಕೈಯಲ್ಲಿದ್ದ ಕಬ್ಬಿಣದ ಕೊಕ್ಕೆ ಕೆಳಗಿದ್ದ ತಮ್ಮನ ಮೊಣಕಾಲಿನ ಮೇಲ್ಗಡೆ, ಒಳಮಗ್ಗುಲಿಗೆ ಹೊಕ್ಕಿತು. ಧೋತರ ಹರಿದು ಬಿಗಿಯಾಗಿ ಕಟ್ಟಿ, ಕೈಗಾಡಿಯ ಮೇಲೆ ಮಲಗಿಸಿ, ಪೇಟೆಯವರೆಲ್ಲ ಸೇರಿ ದೂಡಿಕೊಂಡು ಆಸ್ಪತ್ರೆಗೆ ಓಡಿಬಂದರು. ನಮ್ಮ ಸರ್ಜನ್ನರು ಗಟ್ಟಿಗರು. ಹರಿದ ರಕ್ತನಾಳಕ್ಕೆ ಹೊಲಿಗೆ ಹಾಕಿ ಕಾಲು ಉಳಿಸಿದರು. ಬಾಯಿಯವರು ಆಪರೇಷನ್ ಕೋಣೆಯ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಹೊತ್ತು ಮುಳುಗಿತು, ಊಟದ ನೆನಪಾಗಲಿಲ್ಲ. ಸರ್ಜನ್ನರು ಬಂದು, "ಬರ್ರಿ, ಪಾದದ ನಾಡಿ ನೋಡ್ರಿ" ಎಂದರು. ಒಳಗೆ ಹೋಗಿ ಮಂಪರಿನಲ್ಲಿದ್ದ ತಮ್ಮನ ಪಾದದ ಮೇಲೆ ಬೆರಳಿಟ್ಟರು. ಅದು ಬಡಿಯುತ್ತಿತ್ತು. ಬಾಯಿಯವರು ಅತ್ತುಬಿಟ್ಟರು.

ಅಂದಿನಿಂದ ಪ್ರತಿ ಶನಿವಾರ ಮನೆಗೆ ಹೋದ ಕೂಡಲೇ ತಮ್ಮನ ಪಾದ ನೋಡಬೇಕು ಎಂಬುದು ಅವರ ಹಟ. ಹೊಲಿಗೆ ಹಾಕಿದ ಜಾಗದಲ್ಲಿ ಹೆಪ್ಪು ಕಟ್ಟೇ ಕಟ್ಟುತ್ತದೆ, ಅದು ಗೋಡೆಯಾಗುತ್ತ ದಾರಿ ಕಿರಿದಾದರೆ ಮೊದಲು ಸೊರಗುವುದು ಪಾದದ ನಾಡಿ. ಇದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆದರೆ ತಮ್ಮ ಕಾಲು ಕೊಡಬೇಕಲ್ಲ! ನಾನೇ ಒಮ್ಮೆ ಆ ಮನೆಯ ಕಟ್ಟೆಯ ಮೇಲೆ ಚಹ ಕುಡಿಯುತ್ತ ಕುಳಿತಾಗ ನೋಡಿದ್ದೇನೆ. ಬಾಯಿಯವರು ಬಗ್ಗಿ ಕೈ ಚಾಚಿದರು. ಅವನು ಕೆಂಡ ತುಳಿದವನಂತೆ ಕಾಲನ್ನು ಧೋತರದೊಳಗೆ ಎಳೆದುಕೊಂಡ.

"ಅಕ್ಕಾ, ಖರೇ ಹೇಳತೀನಿ, ಬ್ಯಾಡ. ನೀ ನನ್ನ ಪಾದ ಮುಟ್ಟಿದ್ರ ನಾ ಯಾವ ಲೋಕಕ್ಕ ಹೋಗ್ಲಿ?"

"ಏ ಹುಚ್ಚಾ, ನಾಡಿ ನೋಡತೀನಿ ಅಷ್ಟ."

"ಕೈಯಾಗಿಂದು ನೋಡು."

"ಕೈಯಾಗಿಂದು ನೋಡಿದ್ರ ಕಾಲಿನ ಸುದ್ದಿ ಗೊತ್ತಾಗತೈತೇನು?"

"ನೀ ನನ್ನ ಅವ್ವನ ಜಾಗಾದಾಗ ಅದೀ. ಅವ್ವ ಬಂದು ಕಾಲು ಹಿಡೀತೀನಿ ಅಂದ್ರ ಕೊಡ್ತಿದ್ನೇನು? ಅರಾಮ ಅದೀನಿ ಬಿಡು. ನಿನ್ನೆ ಟೇಶನ್‌ದಿಂದ ನಡಕೊಂತ ಬಂದೀನಿ."

ಅವನ ಹೆಂಡತಿಯೂ ಒಳಗಿನಿಂದ, "ಬ್ಯಾಡ್ರಿ ಅಕ್ಕಾರ, ಚೊಲೋ ಕಾಣೂದಿಲ್ಲ" ಎಂದಳು. ಹಿರಿಯರು ಕಿರಿಯರ ಕಾಲು ಮುಟ್ಟಬಾರದು. ನಮ್ಮ ಮನೆಯಲ್ಲಾಗಿದ್ದರೂ ಹೀಗೇ ಅನ್ನುತ್ತಿದ್ದರು. ಬಾಯಿಯವರು ನಗುತ್ತ ಕೈ ಹಿಂದಕ್ಕೆ ತೆಗೆದುಕೊಂಡರು. ಇಷ್ಟು ಮರ್ಯಾದೆಯ ತಮ್ಮನನ್ನು ಪಡೆದ ಹೆಮ್ಮೆಯೂ ಆ ನಗುವಿನಲ್ಲಿತ್ತು. ಆಮೇಲೆ ಕೇಳುವುದು ಕಡಿಮೆಯಾಯಿತು, ಬರಬರುತ್ತ ನಿಂತೇಹೋಯಿತು.

ಅವನು ನಡೆಯುತ್ತಿದ್ದುದು ನಿಜ. ಆದರೆ ಹೇಗೆ ನಡೆಯುತ್ತಿದ್ದ ಎನ್ನುವುದು ನಮಗೆ ಆಮೇಲೆ ತಿಳಿಯಿತು. ಸ್ಟೇಷನ್ನಿನಿಂದ ಮನೆಗೆ ಬರುವಾಗ ಸ್ವಲ್ಪ ದೂರಕ್ಕೇ ಮೀನಖಂಡ ಹಿಂಡಿದಂತೆ ನೋಯುತ್ತಿತ್ತು. ಆಗ ಯಾವುದಾದರೂ ಅಂಗಡಿಯ ಮುಂದೆ ನಿಂತು, "ಏನಪಾ, ಹೆಂಗೈತಿ ಧಂದೆ?" ಎಂದು ಮಾತಿಗೆಳೆಯುತ್ತಿದ್ದ. ನೋವು ಇಳಿದ ಮೇಲೆ ಮುಂದಿನ ಅಂಗಡಿಯವರೆಗೆ ನಡೆಯುತ್ತಿದ್ದ. ಮೊದಲಿನಿಂದಲೂ ಮಾತಿನ ಮನುಷ್ಯ, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಅಕ್ಕ ಸುಮ್ಮನೆ ಹೆದರುತ್ತಾಳೆಂದು ಮನೆಯಲ್ಲಿ ಬಾಯಿಬಿಡಲಿಲ್ಲ.

ಗಾಯವಾಗಿ ಒಂದು ವರ್ಷ ಕಳೆದಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಪಾದ ತಣ್ಣಗಾಯಿತು. ಚಳಿಗೆ ಹೀಗಾಗಿದೆ ಎಂದು ಎಣ್ಣೆ ತಿಕ್ಕಿಸಿಕೊಂಡು, ಕಂಬಳಿ ಸುತ್ತಿಕೊಂಡು ಮಲಗಿದ. ಬೆರಳು ಕಪ್ಪಾದ ಮೇಲೆ ಬೆಳಗಾವಿಗೆ ತಂದರು. ಬಾಯಿಯವರು ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದರು. ಸ್ಟ್ರೆಚರಿನ ಮೇಲೆಯೇ ಪಾದ ಹಿಡಿದರು. ಈ ಸಲ ಅವನು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಲು ಆ ಪಾದದಲ್ಲಿ ಬಲವೇ ಉಳಿದಿರಲಿಲ್ಲ.

ಕಿರಿದಾದ ದಾರಿಗೆ ಹೊಸ ಹೆಪ್ಪು ಬಂದು ಬಿರಡೆ ಬಡಿದಿತ್ತು. ಸರ್ಜನ್ನರು ಅದನ್ನು ತೆಗೆಯಲು ಹೆಣಗಿ ಸೋತರು. ಜೀವ ಉಳಿಯಬೇಕಾದರೆ ಕಾಲು ತೆಗೆಯಬೇಕಾಯಿತು. ಹಳೆಯ ಹೊಲಿಗೆಗಿಂತ ಮೇಲಕ್ಕೆ, ತೊಡೆಯಲ್ಲಿ ಕತ್ತರಿಸಿದರು.

ತೆಗೆದ ಅಂಗ ನಮ್ಮ ವಿಭಾಗಕ್ಕೆ ಬರಬೇಕು, ಅದು ಪದ್ಧತಿ. ಮುಖ್ಯಸ್ಥರು, ಬಾಯಿಯವರು ನೋಡುವುದು ಬೇಡ, ನೀನು ನೋಡು ಎಂದು ನನಗೆ ಹೇಳಿದರು. ಹೂಂ ಎಂದೆ. ಆದರೆ ನಾನು ಬರುವಷ್ಟರಲ್ಲಿ ಬಾಯಿಯವರು ಕೋಟು ತೊಟ್ಟು ಮೇಜಿನ ಮುಂದೆ ಕುಳಿತಿದ್ದರು.

ಸರ್ಜನ್ನರು ಕಾಲನ್ನು ಕಳಿಸದೆ ಹೊಲಿಗೆಯ ಭಾಗದ ರಕ್ತನಾಳವನ್ನಷ್ಟೇ ಬಿಡಿಸಿ, ಗಾಜಿನ ಭರಣಿಯಲ್ಲಿ ಹಾಕಿ ತಾವೇ ಹಿಡಿದುಕೊಂಡು ಬಂದರು. ಆ ಮನುಷ್ಯನ ಕಣ್ಣೂ ಕೆಂಪಾಗಿತ್ತು. "ಬಾಯಾರ, ನಿಮ್ಮ ತಮ್ಮನ ರಕ್ತ ನಿಮ್ಮ ಕಣ್ಣಿಗೆ ಬೀಳಬಾರ್ದು ಅಂತ ನಾನ ಸೀಳಿ, ನಳದ ಕೆಳಗ ಹಿಡದು ಸ್ವಚ್ಛ ತೊಳದು ತಂದೀನಿ" ಎಂದರು.

ಇನ್ನೇನು ಸಿಡಿಲು ಬೀಳುತ್ತದೆ ಎಂದು ಬಾಯಿಯವರ ಮುಖ ನೋಡಿದೆ. ಅವರು ಭರಣಿಯನ್ನು ಎರಡೂ ಕೈಯಿಂದ ತೆಗೆದುಕೊಂಡು, "ಭಾಳ ಉಪಕಾರ ಆತ್ರಿ" ಎಂದರು. ಸರ್ಜನ್ನರು ಹೋದ ಮೇಲೆ ನನ್ನ ಕಡೆ ತಿರುಗಿ, "ಪಾಪ, ಅಂತಃಕರಣದಿಂದ ಮಾಡ್ಯಾರ" ಎಂದರು. ಭರಣಿಯನ್ನು ಬೆಳಕಿಗೆ ಹಿಡಿದು, "ತೊಳದ್ರ ಹೋಗೂದು ಮೊನ್ನಿ ಹೆಪ್ಪು ಅಷ್ಟ ಡಾಕ್ಟರ. ಮೊದಲಿಂದು ಎಲ್ಲಿ ಹೋಗತೈತಿ? ಅದು ಗ್ವಾಡಿ ಆಗೇತಿ" ಎಂದರು.

ಸ್ಲೈಡು ತಯಾರಾಗುವವರೆಗೆ ಅವರು ದಿನವೂ ಮುಂಜಾನೆ ತಮ್ಮನ ಹಾಸಿಗೆಯ ಬಳಿ ಕುಳಿತು ಗಂಜಿ ಕುಡಿಸಿ, ನಂತರ ವಿಭಾಗಕ್ಕೆ ಬರುತ್ತಿದ್ದರು. ಅವರಿಗೆ ತಿಳಿಯಬೇಕಾಗಿದ್ದುದು ಏನೆಂದು ನನಗೆ ಗೊತ್ತಿತ್ತು. ನಾಳ ಒಮ್ಮೆಲೇ ಮುಚ್ಚಿತೋ, ಅಥವಾ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಮುಚ್ಚುತ್ತ ಬಂತೋ? ಒಮ್ಮೆಲೇ ಆಗಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಮೆಲ್ಲನೆ ಆಗಿದ್ದರೆ ಪಾದದ ನಾಡಿ ಎಂದೋ ಹೇಳುತ್ತಿತ್ತು. ಮುಂಬೈಗೆ ಕರೆದೊಯ್ದು ಅವನದೇ ಇನ್ನೊಂದು ಕಾಲಿನ ರಕ್ತನಾಳ ತೆಗೆದು ಜೋಡಿಸಬಹುದಿತ್ತು. ಒಮ್ಮೆಲೇ ಆಗಿರಲಿ ದೇವರೇ ಎಂದು ನಾನೂ ಬೇಡಿಕೊಂಡೆ.

ಸೂಕ್ಷ್ಮದರ್ಶಕಕ್ಕೆ ಅವರು ಕಣ್ಣು ಹಚ್ಚಿದರು. ನಾನು ಬಾಜುವಿನಲ್ಲಿ ನಿಂತಿದ್ದೆ. ತುಂಬ ಹೊತ್ತು ಬರೇ ಸ್ಲೈಡು ಸರಿಸುವ ಸಪ್ಪಳ. ಆಮೇಲೆ ಅವರು ಎದ್ದು ನನಗೆ ಜಾಗ ಬಿಟ್ಟರು. ನೋಡಿದೆ. ಅವರು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಚಿತ್ರವೇ ಅದು. ತಳದಲ್ಲಿ ಗಟ್ಟಿಯಾದ ನಾರು, ಅದರಲ್ಲಿ ಒತ್ತೊತ್ತಾಗಿ ಬೆಳೆದ ಸ್ನಾಯುಕೋಶಗಳು, ಹಳೆಯ ರಕ್ತದ ಕಬ್ಬಿಣದ ಕಲೆ. ಅದರ ಮೇಲೆ ಎಳೆಯ ಪದರ, ಅದರ ಮೇಲೆ ಇನ್ನೂ ಎಳೆಯದು. ನಡುವೆ ಉಳಿದ ದಾರಿ ಸೂಜಿಯ ಕಣ್ಣಿನಷ್ಟು. ಇಷ್ಟು ವರ್ಷ ಅವರು ಹೇಳುತ್ತ ಬಂದದ್ದೆಲ್ಲ ಸರಿಯಾಗಿತ್ತು.

"ಟಾಯಮ್ ಇತ್ತರೀ," ಎಂದರು. "ಭಾಳ ಟಾಯಮ್ ಇತ್ತು."

ನಾನು ಸೂಕ್ಷ್ಮದರ್ಶಕ ಬಿಟ್ಟು ಎದ್ದೆ.

"ಡಾಕ್ಟರ್ ಆಗಿ ಹಿಡೀಬೇಕಿತ್ತು ಆ ಪಾದ. ಅಕ್ಕ ಆಗಿ ಬಿಟ್ಟುಬಿಟ್ಟೆ." ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. "ಒಂದ ಒಂದು ಸಿಕ್ಕಿದ್ರ ಸಾಕು ಅಂದಿದ್ನಲ್ಲರೀ ಬಸ್ಸಿನಾಗ? ನಾ ಇದನ್ನ ಬೇಡಿದ್ದಿಲ್ರಿ. ದೇವರಾಣಿ, ಇದನ್ನ ಬೇಡಿದ್ದಿಲ್ಲ." ನಾನು ಅತ್ತದ್ದನ್ನು ಅವರು ನೋಡದಂತೆ ಕಿಟಕಿಯ ಕಡೆ ಹೋದೆ.

ಇದನ್ನು ಪ್ರಬಂಧ ಮಾಡಿ ಕಳಿಸಿ, ಇಂಥ ಪುರಾವೆ ಯಾರ ಬಳಿಯೂ ಇಲ್ಲ ಎಂದು ಮುಖ್ಯಸ್ಥರು ಎಷ್ಟೋ ಸಲ ಹೇಳಿದರು. ಬಾಯಿಯವರು ಒಪ್ಪಲಿಲ್ಲ. "ನಮ್ಮ ಹುಡುಗನ ಕಾಲು ನನ್ನ ಹೆಸರಿನ ಮುಂದ ಬರೂದು ಬ್ಯಾಡ್ರಿ" ಎಂದು ಮುಗಿಸಿಬಿಟ್ಟರು. ಆದರೆ ಪ್ರತಿ ವರ್ಷ ಆ ಸ್ಲೈಡನ್ನು ತರಗತಿಗೆ ತೋರಿಸುತ್ತಿದ್ದರು, ಯಾರದೆಂದು ಹೇಳುತ್ತಿರಲಿಲ್ಲ. ತೋರಿಸಿದ ಮೇಲೆ ಎಲ್ಲರಿಗೂ ಬೂಟು ಬಿಚ್ಚಲು ಹೇಳುತ್ತಿದ್ದರು. ಪಕ್ಕದವರ ಪಾದದ ನಾಡಿ ಹಿಡಿಯಬೇಕು. ಹುಡುಗರು ಕಿಸಕ್ಕೆಂದು ನಗುತ್ತಿದ್ದರು, ಮೂಗು ಮುಚ್ಚಿಕೊಳ್ಳುತ್ತಿದ್ದರು. ಯಾವನೋ ಒಬ್ಬ ಪುಣ್ಯಾತ್ಮ ಒಮ್ಮೆ, "ಮೇಡಂ, ಅವನು ನನಗಿಂತ ಸಣ್ಣವ, ಅವನ ಕಾಲು ಹೆಂಗ ಮುಟ್ಲಿ?" ಎಂದ. ಬಾಯಿಯವರು ತಾವೇ ಬಂದು ನೆಲದ ಮೇಲೆ ಕುಳಿತು, ಹಾಗೆ ಕೇಳಿದ ಹುಡುಗನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, "ಹಿಂಗ" ಎಂದು ಬೆರಳಿಟ್ಟು ತೋರಿಸಿದರು. ಆ ತರಗತಿಯಲ್ಲಿ ಮತ್ತೆ ಯಾರೂ ನಗಲಿಲ್ಲ.

ಮನೆಯಲ್ಲೂ ಅಷ್ಟೇ. ಶನಿವಾರ ಅವರು ಹೊಸ್ತಿಲು ದಾಟಿದ ಕೂಡಲೇ ತಮ್ಮ ಏನೂ ಹೇಳಿಸಿಕೊಳ್ಳದೆ ಉಳಿದ ಕಾಲನ್ನು ಮುಂದೆ ಚಾಚುತ್ತಿದ್ದ. ಅವರು ಕಣ್ಣು ಮುಚ್ಚಿ ಪಾದದ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಹೆಂಡತಿ ಚಹ ತಂದು ಬಾಗಿಲಲ್ಲೇ ಕಾಯುತ್ತಿದ್ದಳು.

ಹೋದ ತಿಂಗಳು ಎದೆನೋವೆಂದು ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ನಾನು ಹೋದಾಗ ಪಡಸಾಲೆಯಲ್ಲಿ ಮಲಗಿಸಿದ್ದರು. ಕನ್ನಡಕವಿಲ್ಲದ ಮುಖ ಬೇರೆ ಯಾರದೋ ಎನ್ನುವಂತಿತ್ತು. ಊರವರು ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಕೊನೆಗೆ ತಮ್ಮ ಬಂದ. ಊರುಗೋಲನ್ನು ಗೋಡೆಗೆ ಆನಿಸಿ, ಹೆಂಡತಿಯ ಹೆಗಲು ಹಿಡಿದು, ನೆಲಕ್ಕೆ ಕುಳಿತ. ಅಕ್ಕನ ಪಾದಕ್ಕೆ ಹಣೆ ಹಚ್ಚಿದ. ಹಣೆ ಎತ್ತಿದ ಮೇಲೂ ಕೈ ಅಲ್ಲಿಯೇ ಇತ್ತು. ಹೊರಗೆ ಎಲ್ಲ ಸಿದ್ಧವಾಗಿತ್ತು, ಜನ ಕಾಯುತ್ತಿದ್ದರು.

"ಏಳ್ರಿ, ಹೊತ್ತಾತು" ಎಂದಳು ಹೆಂಡತಿ.

"ತಡಿ" ಎಂದ.

ಆಗ ನಾನು ಅವನ ಕೈ ನೋಡಿದೆ. ನಮಸ್ಕಾರ ಮಾಡುವವರ ಕೈ ಹಾಗಿರುವುದಿಲ್ಲ. ಎರಡು ಬೆರಳು ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸಾಲಿನಿಂದ ಸ್ವಲ್ಪ ಈಚೆ, ಹಗುರಾಗಿ ಒತ್ತಿಕೊಂಡಿದ್ದವು. ಅವನ ಕಣ್ಣು ಮುಚ್ಚಿತ್ತು. ಅವನು ಹಾಗೆ ಕುಳಿತಿದ್ದ, ನಾವು ನಿಂತಿದ್ದೆವು. ಆಮೇಲೆ ಕಣ್ಣು ತೆರೆದು ನನ್ನತ್ತ ತಿರುಗಿದ.

"ಡಾಕ್ಟರ, ಇಲ್ಲೇ ಹೌದಲ್ರಿ? ಅಕ್ಕ ಹಿಡೀತಿದ್ದ ಜಾಗಾ?"

"ಹೌದ್ರಿ," ಎಂದೆ. "ಅಲ್ಲೇ."